ಟೈರು ಸಿಡಿದರೆ ನಷ್ಟವು ಯಾರದು?

ವೇಗವಾಗಿ ಹೋಗುತ್ತಿರುವ ಕಾರಿನ ಟೈರು ಫಕ್ಕನೆ ಸಿಡಿಯಿತೆಂದರೆ ಗಾಡಿಯು ಹತೋಟಿ ತಪ್ಪುವುದು ಸಹಜ. ಇಂತಹ ಅಪಘಾತವನ್ನು ದೈವಾಧೀನವೆಂದು ಹೇಳಿ ಸುಮ್ಮನಾಗುವ ವಾಡಿಕೆಯು ನಮ್ಮಲ್ಲಿ ಉಂಟು. ಆದರೆ ನ್ಯಾಯಸ್ಥಾನವು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

2010ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಪುಣೆಯಿಂದ ಮುಂಬಯಿಗೆ ಹೋಗುತ್ತಿದ್ದ ಕಾರೊಂದರ ಹಿಂದಿನ ಟೈರು ಸಿಡಿದು, ಗಾಡಿಯು ಆಳವಾದ ಹಳ್ಳಕ್ಕೆ ಉರುಳಿತು. ಒಳಗಿದ್ದ ಗೃಹಸ್ಥರೊಬ್ಬರು ಮೃತರಾದರು. ಅವರ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ನ್ಯಾಯಮಂಡಳಿಯು ವಿಧಿಸಿತು. ಟೈರು ಸಿಡಿದುದು ದೈವಕೃತ್ಯವೆಂದು ವಾದಿಸಿ ವಿಮಾ ಕಂಪನಿಯು ಮೇಲ್ಮನವಿ ಮಾಡಿಕೊಂಡಿತು. 2023ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಅತಿವೇಗ, ಗಾಳಿಯ ಹೆಚ್ಚುಕಡಿಮೆ, ಹಳೆಯ ಟೈರು, ಬಿಸಿಲಿನ ತಾಪ ಮುಂತಾದುವೇ ಸಿಡಿತಕ್ಕೆ ಕಾರಣಗಳು. ಹೊರಡುವ ಮುನ್ನ ಟೈರನ್ನು ಪರೀಕ್ಷಿಸುವುದು ಗಾಡಿ ನಡೆಸುವವನ ಕರ್ತವ್ಯ. ಆದುದರಿಂದ ಇದು ಮನುಷ್ಯನ ಅಜಾಗರೂಕತೆಯೇ ಎಂಬುದು ತೀರ್ಪಿನ ತಾತ್ಪರ್ಯ.

ಹಾಗಾದರೆ ಹಣವನ್ನು ತೆರುವವರಾರು? ಅದು ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಕಾನೂನು ಕಡ್ಡಾಯ ಮಾಡಿರುವ ವಿಮೆಯು ದಾರಿಹೋಕರೇ ಮೊದಲಾದ ಪರರಿಗೆ ಒದಗುವ ಹಾನಿಗಾಗಿ ಮಾತ್ರ ಇರುವುದು. ಕೇವಲ ಇದೊಂದೇ ಇದ್ದರೆ ಸ್ವಂತ ಕಾರಿನ ರಿಪೇರಿಯು ಯಜಮಾನನ ಪಾಲಿಗೇ ಬೀಳುತ್ತದೆ. ಅಷ್ಟೇ ಅಲ್ಲ, ಖಾಸಗಿ ಕಾರಿನಲ್ಲಿ ಕುಳಿತ ನೆಂಟರಿಷ್ಟರಿಗೂ ಇದರಿಂದ ರಕ್ಷಣೆಯು ದೊರೆಯದು. ಸಮಗ್ರ ಪಾಲಿಸಿಯಿದ್ದರೆ ಅವರಿಗೂ ರಕ್ಷಣೆಯುಂಟು. ಗಾಡಿಯ ಜಖಮಿಗೂ ಪರಿಹಾರವುಂಟು.

ಸಮಗ್ರ ಪಾಲಿಸಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಟೈರು ಮಾತ್ರವೇ ಒಡೆದು, ಗಾಡಿಗೆ ಬೇರೆ ಏಟೇನೂ ತಗಲದಿದ್ದರೆ, ಸಾಧಾರಣವಾದ ಪಾಲಿಸಿಯ ಪ್ರಕಾರ ಕಂಪನಿಯು ಕಾಸನ್ನೂ ಕೊಡಬೇಕಾದುದಿಲ್ಲ. ಗಾಡಿಯೂ ಜೊತೆಯಲ್ಲಿಯೇ ಜಖಂಗೊಂಡಿದ್ದರೆ ಹೊಸ ಟೈರಿನ ಬೆಲೆಯಲ್ಲಿ ಶೇಕಡಾ 50ರವರೆಗೆ ಮಾತ್ರ ಕೊಡುವುದು. ಸವೆತದಿಂದಾದ ನಷ್ಟಕ್ಕೆ ಪರಿಹಾರವಿಲ್ಲ. ಟೈರಿಗೆಂದೇ ಪ್ರತ್ಯೇಕ ಹಣ ಕಟ್ಟಿ ಹೆಚ್ಚಿನ ರಕ್ಷಣೆಯನ್ನು ಪಡೆಯುವ ಅನುಕೂಲವೂ ಈಗ ಉಂಟು. ಆದರೆ ಪರವಾನಗಿಯಿಲ್ಲದವನಾಗಲಿ, ಮದ್ಯಪಾನ ಮಾಡಿದವನಾಗಲಿ ಗಾಡಿಯನ್ನು ನಡೆಸಿದ್ದರೆ ಸ್ವಂತ ಕಾರಿನ ಪರಿಹಾರದ ಆಸೆಯನ್ನು ಬಿಡಬೇಕಾದೀತು.

ಸಿಡಿತವಾದ ಮೇಲೆ ಒಡೆದ ಟೈರನ್ನು ಎಸೆಯಬಾರದು. ಗಾಡಿಯ ಚಿತ್ರಗಳನ್ನು ತೆಗೆದಿಟ್ಟು, ಕೂಡಲೇ ಕಂಪನಿಗೆ ತಿಳಿಸಿ, ಅವರ ಪರೀಕ್ಷಕನು ನೋಡಿದ ಬಳಿಕವೇ ರಿಪೇರಿಗೆ ಕೈಹಾಕುವುದು ಯುಕ್ತ.

ಇಷ್ಟಾದರೂ ಬಂದ ಮೇಲೆ ಪರಿಹಾರ ಬೇಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಿಸಬೇಕು. ಗಾಳಿಯು ಕಡಮೆಯಾದರೆ ಟೈರಿನ ಪಕ್ಕಗಳು ಬಾಗಿ ಬಾಗಿ ಕಾವೇರುತ್ತವೆ; ಆ ಕಾವೇ ರಬ್ಬರನ್ನು ಸೀಳುವುದು. ಮೇಲಣ ಗೀರುಗಳ ಆಳವು 1.6 ಮಿಲಿಮೀಟರಿಗಿಂತ ಕಡಮೆಯಾದ ಟೈರನ್ನು ತೆಗೆದುಹಾಕಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ವಿಮೆಯು ಹಣವನ್ನು ತಂದುಕೊಟ್ಟೀತು. ಮನೆಯ ಆಧಾರವಾಗಿದ್ದವರನ್ನು ತಂದುಕೊಡಲಾರದು.