ಕಾಲೇಜು ಫುಟ್ಬಾಲಿನ ಮುಂಪಡೆ: ಬರುವ ಹಂಗಾಮಿನ ಲೆಕ್ಕ

ಮಳೆಗಾಲ ಹಿಂದೆ ಸರಿದು ಕೃಷ್ಣಾತೀರದ ಕರಿಮಣ್ಣು ಒಣಗತೊಡಗಿದಂತೆ ಸಾಂಗಲಿ ಮತ್ತು ಮಿರಜದ ಕಾಲೇಜು ಮೈದಾನಗಳಲ್ಲಿ ಫುಟ್ಬಾಲ್ ಕಳೆಗಟ್ಟುತ್ತದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳತ್ತ ತಂಡಗಳ ದೃಷ್ಟಿ ಹೊರಳುತ್ತದೆ. ಪ್ರತಿ ತಂಡದ ಮುಂದೆಯೂ ವರ್ಷಕ್ಕೊಮ್ಮೆ ಅದೇ ಪ್ರಶ್ನೆ ನಿಲ್ಲುತ್ತದೆ: ಈ ಸಲ ಗೋಲು ಹೊಡೆಯುವವರು ಯಾರು?

ಪ್ರಶ್ನೆ ಸುಲಭದ್ದಲ್ಲ. ಪದವಿ ಮುಗಿಸಿದವರು ತಂಡವನ್ನೂ ಬಿಟ್ಟು ಹೋಗುತ್ತಾರೆ. ಪಳಗಿದ ಮುಂಪಡೆ ಒಮ್ಮೆಲೇ ಬರಿದಾಗುತ್ತದೆ. ಊರಿನ ಸಂಘಗಳ ಸ್ಥಿತಿ ಬೇರೆ. ಕೊಲ್ಹಾಪುರದಲ್ಲಿ ಕುಸ್ತಿಯ ತಾಲೀಮುಗಳಿಂದಲೇ ಫುಟ್ಬಾಲ್ ತಂಡಗಳು ಬೆಳೆದವು. ಪಾಟಾಕಡೀಲ ತಾಲೀಮು, ದಿಲಬಹಾರ ತಾಲೀಮುಗಳ ಹೆಸರು ಓಣಿಯ ಮಕ್ಕಳಿಗೂ ಬಾಯಿಪಾಠ. ಅಲ್ಲಿ ಆಟಗಾರರು ವರ್ಷಗಟ್ಟಲೆ ಜೊತೆಯಾಗಿ ಆಡಬಲ್ಲರು. ಕಾಲೇಜು ತಂಡಕ್ಕೆ ದೊರೆಯುವುದು ಕೆಲವೇ ವಾರಗಳ ಅಭ್ಯಾಸ. ಆದ್ದರಿಂದ ಒಬ್ಬ ಪ್ರತಿಭಾವಂತನ ಕಾಲ್ಚಳಕವನ್ನು ನಂಬಿ ಕುಳಿತ ತಂಡ, ಅವನು ಗಾಯಗೊಂಡ ದಿನ ಅಥವಾ ಪರೀಕ್ಷೆಗೆ ಹೋದ ದಿನ ಬರಿಗೈಯಾಗುತ್ತದೆ. ಕಲಿಸಬಹುದಾದ, ಕಲಿತು ಮರುಕಳಿಸಬಹುದಾದ ಆಕ್ರಮಣವೇ ಕಾಲೇಜು ತಂಡದ ನಿಜವಾದ ಬಂಡವಾಳ.

ಇದಕ್ಕೆ ದೇಶದ ಫುಟ್ಬಾಲ್ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನ ಭಾರತ ತಂಡದಲ್ಲಿ ಕೊಲ್ಹಾಪುರದ ಮುಂಪಡೆ ಆಟಗಾರ ಅನಿಕೇತ ಜಾಧವ ಇದ್ದರು. ಆದರೆ ತಂಡದ ಏಕೈಕ ಗೋಲು ಮುಂಪಡೆಯವರಿಂದ ಬರಲಿಲ್ಲ. ಅಕ್ಟೋಬರ್ 9ರಂದು ದಿಲ್ಲಿಯಲ್ಲಿ ಕೊಲಂಬಿಯಾ ವಿರುದ್ಧ 82ನೆಯ ನಿಮಿಷದಲ್ಲಿ ಬೆಂಗಳೂರಿನ ಸಂಜೀವ ಸ್ಟಾಲಿನ್ ಕಾರ್ನರ್ ಕಿಕ್ ತೆಗೆದರು. ಮಣಿಪುರದ ಮಧ್ಯಪಂಕ್ತಿಯ ಆಟಗಾರ ಜೀಕ್ಸನ್ ಸಿಂಗ್ ಜಿಗಿದು ಚೆಂಡಿಗೆ ತಲೆಯೊಡ್ಡಿದರು. ಫಿಫಾ ವಿಶ್ವಕಪ್ ಪಂದ್ಯಾವಳಿಯಲ್ಲಿ ಭಾರತ ಗಳಿಸಿದ ಮೊದಲ ಗೋಲು ಅದು. ಹೊಡೆದವರು ಮಧ್ಯಪಂಕ್ತಿಯವರು, ಒದಗಿಸಿದವರು ರಕ್ಷಣಾಪಂಕ್ತಿಯವರು. ಮರುನಿಮಿಷದಲ್ಲಿಯೇ ಕೊಲಂಬಿಯಾ ಎರಡನೆಯ ಗೋಲು ಗಳಿಸಿ ಪಂದ್ಯ ಗೆದ್ದಿತು. ಗೋಲು ಹೊಡೆದ ಸಂಭ್ರಮದಲ್ಲಿ ತಮ್ಮ ಸ್ಥಾನ ಮರೆಯಬಾರದೆಂಬ ಪಾಠವೂ ಅದೇ ಪಂದ್ಯದಲ್ಲಿದೆ.

ಕಾರ್ನರ್, ಫ್ರೀ ಕಿಕ್, ಥ್ರೋ ಇನ್ ಇವು ನಿಂತ ಚೆಂಡಿನಿಂದ ಆರಂಭವಾಗುವ ಆಟ. ಇಲ್ಲಿ ವೇಗಕ್ಕಿಂತ ಒಪ್ಪಂದ ಮುಖ್ಯ: ಯಾರು ಮುಂದಿನ ಕಂಬದತ್ತ ಓಡಬೇಕು, ಯಾರು ಹಿಂದಿನ ಕಂಬದ ಬಳಿ ಕಾಯಬೇಕು, ಹೊರಚಿಮ್ಮಿದ ಚೆಂಡಿಗೆ ಯಾರು ನಿಲ್ಲಬೇಕು. ಗೋಲಿನ ಬಾಯಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅಷ್ಟು ಅಗಲದಲ್ಲಿ ಮೂವರು ಮೂರು ದಿಕ್ಕಿಗೆ ಓಡಿದರೆ ರಕ್ಷಕರ ಗಮನ ಚದುರುತ್ತದೆ. ನಿಯಮದ ನೆರವೂ ಉಂಟು. ಕಾರ್ನರ್ ಕಿಕ್ ಮತ್ತು ಥ್ರೋ ಇನ್‌ನಿಂದ ನೇರವಾಗಿ ಚೆಂಡು ಪಡೆದವರಿಗೆ ಆಫ್‌ಸೈಡ್ ಅನ್ವಯಿಸುವುದಿಲ್ಲ. ಇದನ್ನರಿತ ಆಟಗಾರ ಥ್ರೋ ಇನ್ ಸಮಯದಲ್ಲಿ ಎದುರಾಳಿಯ ರಕ್ಷಣಾಪಂಕ್ತಿಯ ಬೆನ್ನ ಹಿಂದೆ ಧೈರ್ಯವಾಗಿ ನಿಲ್ಲಬಲ್ಲನು. ಅರಿಯದವನು ಆ ಅವಕಾಶವನ್ನು ಕೈಚೆಲ್ಲುತ್ತಾನೆ.

ಮೈದಾನದ ಮಣ್ಣೂ ತಂತ್ರವನ್ನು ನಿರ್ಧರಿಸುತ್ತದೆ. ಹಸಿ ಕರಿಮಣ್ಣು ಬೂಟಿಗೆ ಅಂಟಿಕೊಳ್ಳುತ್ತದೆ, ನೆಲದ ಮೇಲೆ ಸಾಗಿಸಿದ ಚೆಂಡು ಅರ್ಧದಾರಿಯಲ್ಲಿ ನಿಲ್ಲುತ್ತದೆ. ಅದೇ ಮಣ್ಣು ಒಣಗಿ ಗಟ್ಟಿಯಾದರೆ ಚೆಂಡು ಅಂಕೆಯಿಲ್ಲದೆ ಪುಟಿಯುತ್ತದೆ. ಹಂಗಾಮಿನ ಆರಂಭದಲ್ಲಿ ಚೆಂಡನ್ನು ಎತ್ತಿ ಹಾಕುವುದು ಲೇಸು. ನೆಲ ಒಣಗಿದ ಮೇಲೆ ಹತ್ತಿರ ಹತ್ತಿರ ನಿಂತು, ಮೊದಲ ಸ್ಪರ್ಶದಲ್ಲಿಯೇ ಚೆಂಡನ್ನು ಹದಕ್ಕೆ ತರುವ ಅಭ್ಯಾಸ ಬೇಕು. ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು ಗೋಡೆ, ಒಂದು ಚೆಂಡು, ದಿನಕ್ಕೆ ಅರ್ಧ ತಾಸು ಸಾಕು.

ಈ ಲೆಕ್ಕದಲ್ಲಿ ಕನ್ನಡ ಶಾಲೆಗಳ ಮಕ್ಕಳಿಗೂ ಪಾಲಿದೆ. ಕನ್ನಡದ ವಿದ್ಯಾರ್ಥಿಗಳು ಈ ನಗರಗಳಿಗೆ ಹೊಸಬರಲ್ಲ. 1919ರಲ್ಲಿ ಆರಂಭವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕರಂಥ ಹಿರಿಯರು ಪಾಠ ಹೇಳಿದ್ದರು. ಇಂದಿಗೂ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗನಿಗೆ ಕಾಲೇಜಿನ ಮೊದಲ ತಿಂಗಳುಗಳು ಕಠಿಣ. ತರಗತಿಯಲ್ಲಿ ಇಂಗ್ಲಿಷು, ಹೊರಗೆ ಮರಾಠಿ. ಮಾತಾಡಿದರೆ ನಕ್ಕಾರೆಂಬ ಅಳುಕು. ಮೈದಾನದ ಭಾಷೆ ಮಾತ್ರ ಚಿಕ್ಕದು. ಮರಾಠಿಯ ‘ಮಾಗೆ’ ಎಂದರೆ ಹಿಂದೆ ಎದುರಾಳಿ ಇದ್ದಾನೆ, ‘ಸೋಡ’ ಎಂದರೆ ಚೆಂಡು ಬಿಡು, ‘ದೇ’ ಎಂದರೆ ಕೊಡು. ಹತ್ತು ಹನ್ನೆರಡು ಪದ ಕಲಿತವನು ದಾಳಿಯಲ್ಲಿ ತನ್ನ ಪಾತ್ರವನ್ನು ನಿರ್ವಹಿಸಬಲ್ಲ. ಕಾರ್ನರ್‌ಗೆ ಓಡಬೇಕಾದ ಜಾಗ ಯಾವ ಭಾಷೆಯಲ್ಲಿಯೂ ಒಂದೇ. ಹೊಸಬನಿಗೆ ಗೆಳೆಯರು ದೊರೆಯುವ ದಾರಿಯೂ ಅಲ್ಲಿಂದಲೇ ತೆರೆಯುತ್ತದೆ.

ಆದರೆ ಇಂಥ ಹುಡುಗರು ತಂಡಕ್ಕೆ ಸೇರುವ ಮೊದಲೇ ಹಿಂದೆ ಸರಿಯುವ ಅಪಾಯವಿದೆ. ಸಂಜೆಯ ಅಭ್ಯಾಸ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಮನೆಯಲ್ಲಿ ಆಟ ಓದಿಗೆ ಅಡ್ಡಿ ಎಂಬ ಭಯ. ಹೆಣ್ಣುಮಕ್ಕಳಿಗೆ ಈ ಎರಡೂ ಅಡ್ಡಿಗಳು ಇಮ್ಮಡಿ. ಪಾಲಕರು ಕಾಲೇಜಿನ ಕ್ರೀಡಾ ಶಿಕ್ಷಕರನ್ನು ಒಮ್ಮೆ ಕಂಡು, ಬೆಳಗಿನ ಅಭ್ಯಾಸಕ್ಕೆ ಅವಕಾಶವಿದೆಯೇ, ಪರೀಕ್ಷೆಯ ವಾರದಲ್ಲಿ ಬಿಡುವು ದೊರೆಯುವುದೇ ಎಂದು ವಿಚಾರಿಸಿದರೆ ಅರ್ಧ ತೊಡಕು ಬಿಡಿಸಿದಂತೆ. ಬರುವ ಹಂಗಾಮಿನ ಗೋಲುಗಳು ಈಗಾಗಲೇ ಹೆಸರಾದ ಕಾಲಿನಿಂದಲೇ ಬರಬೇಕೆಂದಿಲ್ಲ. ಹಿಂದಿನ ಕಂಬದ ಬಳಿ ತಾಳ್ಮೆಯಿಂದ ಕಾಯುವ ಮೊದಲ ವರ್ಷದ ವಿದ್ಯಾರ್ಥಿಯ ಪಾದಕ್ಕೂ ಚೆಂಡು ಬಂದೀತು; ಆ ಹೊತ್ತಿಗೆ ಅವನು ಮೈದಾನದಲ್ಲಿರಬೇಕು, ಅಷ್ಟೆ.