ಬಿಯರಿನ ಕಹಿ ಯಾರ ಸ್ವತ್ತು?

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡೋದು 1978ರವರೆಗೂ ಒಕ್ಕೂಟ ಸರ್ಕಾರದ ಕಾನೂನಿಗೆ ವಿರುದ್ಧವಾಗಿತ್ತು. ಆ ವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿ ದಾರಿ ಬಿಟ್ಟರು. ಹೀಗೆ ಪಡೆದ ಸ್ವಾತಂತ್ರ್ಯವಾದ್ದರಿಂದಲೋ ಏನೋ, 'ಹಾಪ್ ಹೂವಿನ ಬದಲು ಎಕ್ಸ್‌ಟ್ರಾಕ್ಟ್ ಹಾಕಿದ್ರೆ ಅದು ಕಂಪನಿ ಬಿಯರ್' ಅಂತ ಮೂಗು ಮುರಿಯೋರಿದ್ದಾರೆ.

ಈ ಶುದ್ಧತೆಯ ವಾದವನ್ನ ನಾನು ಒಪ್ಪಲ್ಲ. ಎಕ್ಸ್‌ಟ್ರಾಕ್ಟ್ ಅಂದ್ರೆ ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡ್ ಬಳಸಿ ಅದೇ ಹೂವಿನಿಂದ ತೆಗೆದ ಅಂಟು ರಾಳ. ಅದರಲ್ಲಿರುವ ಆಲ್ಫಾ ಆಮ್ಲ ಸುಮಾರು ಒಂದು ಗಂಟೆ ಕುದ್ದಾಗ ರೂಪ ಬದಲಿಸಿ ಕಹಿ ಕೊಡುತ್ತೆ. ಹೂವು ಕುದಿಸಿದಾಗಲೂ ಆಗೋದು ಅದೇ. ಸೊಪ್ಪಿನ ಚರಟ ಇರಲ್ಲ, ಹಾಗಾಗಿ ಪಾತ್ರೆಯ ತಳದಲ್ಲಿ ಪೋಲಾಗೋದು ಕಡಿಮೆ. ಮೊದಲೇ ಐಸೋಮರೀಕರಿಸಿದ ಬಗೆಯಾದರೆ, ಹುದುಗು ಮುಗಿದ ಮೇಲೂ ಹನಿಹನಿ ಸೇರಿಸಿ ಕಹಿ ಹೆಚ್ಚಿಸಬಹುದು. ಪರಿಮಳಕ್ಕೆ ಕೊನೆಯಲ್ಲಿ ಹೂವು ಹಾಕಿದ್ರಾಯ್ತು.

ಕೇಳಬೇಕಾದ ಪ್ರಶ್ನೆ ಬೇರೆ: ತಳಿ ಯಾರದ್ದು? ಸಾರ್ವಜನಿಕ ಸಂಶೋಧನೆಯಿಂದ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಅನ್ನು ಯಾವ ರೈತ ಬೇಕಾದ್ರೂ ಬೆಳೆಯಬಹುದು. ಸಿಟ್ರಾ ಖಾಸಗಿ ಒಡೆತನದ ತಳಿ. ಪರವಾನಗಿ ಇಲ್ಲದೆ ನೆಡುವಂತಿಲ್ಲ. ಹೂವಾಗಲಿ, ರಾಳವಾಗಲಿ, ಈ ಒಡೆತನ ಬದಲಾಗಲ್ಲ. ಕೊಳ್ಳುವ ಮುನ್ನ ತಳಿ ಯಾವುದು ಅಂತ ಕೇಳಿ.