ಮೊಣಕಾಲ ನೋವೂ ಮಿತವ್ಯಾಯಾಮವೂ

ನಮ್ಮ ಮನೆಗಳಲ್ಲಿ ಹಿರಿಯರ ಮೊಣಕಾಲು ನೋಯತೊಡಗಿತೆಂದರೆ ಮೊದಲು ನಡೆಯುವ ಉಪಚಾರವು ಅವರನ್ನು ಕುಳ್ಳಿರಿಸುವುದು. ಸೊಸೆಯು ಕಾಫಿಯನ್ನು ಕುಳಿತಲ್ಲಿಗೇ ತಂದುಕೊಡುವಳು. ಮಗನು ಅಂಗಡಿಯ ಕೆಲಸವನ್ನು ತಾನೇ ವಹಿಸಿಕೊಳ್ಳುವನು. ಈ ಭಕ್ತಿಯು ಶ್ಲಾಘ್ಯವಾದುದೇ ಸರಿ. ಆದರೆ ಇದರಿಂದ ಹಿರಿಯರಿಗಾಗುವುದು ಹಿತವೋ ಅಹಿತವೋ ಎಂಬುದನ್ನು ಗೃಹಸ್ಥರಾದ ನಾವು ವಿಚಾರಿಸತಕ್ಕದ್ದು.

ಈ ವ್ಯಾಧಿಯು ಹೊಸದಲ್ಲ. ಚರಕಸಂಹಿತೆಯು 'ಸಂಧಿಗತವಾತ'ವೆಂಬ ಹೆಸರಿನಲ್ಲಿ, ಗಾಳಿ ತುಂಬಿದ ತೊಗಲಚೀಲದಂತಹ ಊತವನ್ನೂ, ಕೀಲನ್ನು ಮಡಿಸಿ ನೀಡುವಾಗಿನ ವೇದನೆಯನ್ನೂ ಹೇಳಿದೆ. ಇಂದಿನ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುವ ರೋಗವು ಬಹುಮಟ್ಟಿಗೆ ಇದನ್ನೇ ಹೋಲುವುದು. ೨೦೧೯ರಲ್ಲಿ ಲೋಕದಲ್ಲಿ ಸುಮಾರು ೫೨.೮ ಕೋಟಿ ಜನರಿಗೆ ಈ ರೋಗವಿತ್ತೆಂದೂ, ಮೊಣಕಾಲೇ ಎಲ್ಲಕ್ಕಿಂತ ಹೆಚ್ಚಾಗಿ ಇದಕ್ಕೆ ತುತ್ತಾಗುವ ಕೀಲೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ.

ಎಲುಬುಗಳ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿಯು ಇದರಲ್ಲಿ ಸವೆಯುತ್ತದೆ. ಸವೆದ ಕಾಲನ್ನು ನಡೆಸಿದರೆ ಇನ್ನಷ್ಟು ಸವೆಯದೇ ಎಂಬ ಶಂಕೆಯು ಸಹಜವಾದುದು. ಬಂಡಿಯ ಅಚ್ಚಿಗೆ ಈ ತರ್ಕವು ಸಲ್ಲುವುದು. ಸಜೀವವಾದ ಕೀಲಿಗೆ ಸಲ್ಲದು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಆ ದ್ರವವು ಒಳಸೇರಲು ಚಲನೆಯು ಸಹಾಯಕ. ಇದಲ್ಲದೆ, ತೊಡೆಯ ಮುಂಭಾಗದ ಮಾಂಸಖಂಡವು ಮೊಣಕಾಲಿಗೆ ಕಾವಲಿನಂತಿರುವುದು. ಕುಳಿತಷ್ಟೂ ಅದು ಕ್ಷೀಣಿಸುವುದು. ಅದು ಕ್ಷೀಣಿಸಿದಂತೆ ನೋವು ಹೆಚ್ಚುವುದು. ನೋವು ಹೆಚ್ಚಿದಂತೆ ಮತ್ತೆ ಕುಳಿತುಕೊಳ್ಳುವುದು. ಹೀಗೆ ನಡೆದಾಡುತ್ತಿದ್ದವರು ಪರಾಧೀನರಾಗುವರು.

ಈ ಚಕ್ರವನ್ನು ಮುರಿಯುವುದೇ ಫಿಸಿಯೋಥೆರಪಿಯ ಕೆಲಸ. ಅಮೆರಿಕದಲ್ಲಿ ೧೫೬ ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಇನ್ನೊಂದಕ್ಕೆ ಈ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ವರ್ಷವು ಕಳೆದಾಗ ಎರಡನೆಯ ಪಂಗಡದವರಿಗೇ ನೋವು ಕಡಮೆಯಾಗಿದ್ದಿತು. ಈ ಫಲವು ೨೦೨೦ರಲ್ಲಿ ಪ್ರಕಟವಾಯಿತು.

ಇನ್ನು ಕಾಲುಗಳ ಬಾಗನ್ನು ಕುರಿತು ಒಂದು ಮಾತು. ಕಾಲು ಬಿಲ್ಲಿನಂತೆ ಹೊರಬಾಗಿದ್ದರೆ ದೇಹದ ಭಾರವು ಮೊಣಕಾಲಿನ ಒಳಭಾಗದ ಮೇಲೆ ಬೀಳುತ್ತದೆ. ಆ ಭಾಗವು ಸವೆದಂತೆ ಬಾಗು ಇನ್ನೂ ಹೆಚ್ಚುತ್ತದೆ. ಇಂತಹ ಬಾಗುಳ್ಳ ರೋಗಿಗಳಲ್ಲಿ ಒಳಭಾಗದ ಸವೆತವು ಮುಂದುವರಿಯುವ ಸಂಭವವು ಸುಮಾರು ನಾಲ್ಮಡಿಯೆಂದು ೨೦೦೧ರ ಒಂದು ಸಂಶೋಧನೆಯು ತೋರಿಸಿತು. ವ್ಯಾಯಾಮವು ಬಾಗಿದ ಎಲುಬನ್ನು ನೆಟ್ಟಗೆ ಮಾಡಲಾರದು. ಹಾಗೆ ಮಾಡುವೆವೆಂದು ಹೇಳುವವರನ್ನು ನಂಬಕೂಡದು. ಬಾಗು ಹೆಚ್ಚಾಗಿದ್ದವರಿಗೆ ತೊಡೆಯ ವ್ಯಾಯಾಮವೊಂದೇ ಸಾಲದೆ ಹೋಗಬಹುದು. ಆದುದರಿಂದ ಅವರು ನಿಂತಿರುವಾಗ ತೆಗೆದ ಎಕ್ಸ್‌ರೇಯನ್ನು ಮೂಳೆವೈದ್ಯರಿಗೆ ತೋರಿಸಿ, ಅನುಭವಸ್ಥರ ಕಣ್ಣೆದುರಿನಲ್ಲಿಯೇ ಅಭ್ಯಾಸ ಮಾಡುವುದು ಕ್ಷೇಮಕರ.

ಮನೆಯಲ್ಲಿ ಮಾಡತಕ್ಕ ಸಾಧನೆಗಳು ಸುಲಭವಾದುವು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು. ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವಲನ್ನಿಟ್ಟು ಅದನ್ನು ಒತ್ತುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು. ಪ್ರತಿಯೊಂದನ್ನೂ ಹತ್ತು ಸಲ ಮಾಡಿದರೆ ಆರಂಭಕ್ಕೆ ಸಾಕು. ಅಭ್ಯಾಸದಿಂದ ಅಲ್ಪಸ್ವಲ್ಪ ನೋವಾದರೆ ಹೆದರಬೇಕಾದುದಿಲ್ಲ. ಮರುದಿನಕ್ಕೂ ಅದು ಇಳಿಯದಿದ್ದರೆ, ಅಥವಾ ಊತವು ಬಂದರೆ, ಪ್ರಮಾಣವನ್ನು ಕುಗ್ಗಿಸಬೇಕು. ಕೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯುವುದು ಕ್ರಮ. ಸ್ಥೂಲಕಾಯರು ತೂಕವನ್ನು ಇಳಿಸಬೇಕು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲ ಮೇಲಣ ಭಾರವು ಸುಮಾರು ನಾಲ್ಕು ಕಿಲೋ ಕಡಮೆಯಾಗುವುದೆಂದು ೨೦೦೫ರಲ್ಲಿ ಕಂಡುಕೊಂಡಿದ್ದಾರೆ.

ಕೀಲು ಕೆಂಪಾಗಿ ಬಿಸಿಯೇರಿದರೆ, ಜ್ವರವು ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಶಸ್ತ್ರಚಿಕಿತ್ಸೆಯೇ ಬೇಕಾಗಿ ಬಂದರೂ ಅದರ ಅನಂತರ ಈ ವ್ಯಾಯಾಮವು ತಪ್ಪದು.

ಇದರ ಫಲವು ಒಂದೆರಡು ದಿನಗಳಲ್ಲಿ ಕಾಣುವುದಲ್ಲ; ಆರು ವಾರಗಳಿಂದ ಹನ್ನೆರಡು ವಾರಗಳವರೆಗಾದರೂ ತಾಳ್ಮೆಯು ಬೇಕು. ಒಬ್ಬರೇ ಮಾಡುವಾಗ ಬೇಸರವು ಬಂದು ಅಭ್ಯಾಸವು ನಿಂತುಹೋಗುವುದುಂಟು. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಕೆ ಹೇಳಿಸಿದರೆ, ಮಗುವಿಗೆ ಲೆಕ್ಕವೂ ಹಿರಿಯರಿಗೆ ನಡಿಗೆಯೂ ಒಟ್ಟಿಗೆ ಕೈಗೂಡುವುವು.